ಮಗ್ಗದ ಕೀಲು, ಮೊಣಕಾಲಿನ ಕೀಲು

ದೊಡ್ಡಬಳ್ಳಾಪುರಕ್ಕೆ ಹೊಸದಾಗಿ ಬಂದವರಿಗೆ ಊರಿನ ಪರಿಚಯ ಮೊದಲು ಕಿವಿಯ ಮೂಲಕ ಆಗುತ್ತದೆ. ನೇಕಾರರ ಬೀದಿಗಳಲ್ಲಿ ಮನೆಯ ಬಾಗಿಲು ಮುಚ್ಚಿದ್ದರೂ ಒಳಗಿನ ವಿದ್ಯುತ್ ಮಗ್ಗದ ಸದ್ದನ್ನು ಯಾವ ಬಾಗಿಲೂ ತಡೆಯಲಾರದು. ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಸಲ ಲಾಳಿ ಈ ಕಡೆಯಿಂದ ಆ ಕಡೆಗೆ ಹಾಯುತ್ತದೆ. ಪ್ರತಿ ಸಲವೂ ಅಚ್ಚನ್ನು ಹೊತ್ತ ಹಲಗೆ ಮುಂದೆ ಬಂದು, ಹೊಸದಾಗಿ ಬಿದ್ದ ಹೊಕ್ಕಿನ ಎಳೆಯನ್ನು ಬಟ್ಟೆಗೆ ಬಡಿದು, ಹಿಂದಕ್ಕೆ ಸರಿಯುತ್ತದೆ. ನೋಡುವವರಿಗೆ ಇದು ತೊಟ್ಟಿಲು ತೂಗಿದಂತೆ ಕಾಣುತ್ತದೆ. ಆದರೆ ತೊಟ್ಟಿಲಿನ ತೂಗಾಟಕ್ಕೂ ಈ ಹಲಗೆಯ ಆಟಕ್ಕೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಹಲಗೆ ಹಿಂದೆ ಸರಿದಾಗ ಅಲ್ಲಿ ಒಂದಿಷ್ಟು ಹೊತ್ತು ತಡೆದು ನಿಂತಂತೆ ಮಾಡುತ್ತದೆ. ಮುಂದೆ ಬಂದಾಗ ಬಡಿದೊಡನೆಯೇ ಮರಳುತ್ತದೆ. ಹಿಂದೆ ತಡೆಯದಿದ್ದರೆ ಲಾಳಿಗೆ ಹಾದುಹೋಗಲು ಸಮಯವೇ ಸಾಲದು.

ಈ ತಡೆಯುವಿಕೆಗೆ ಬೇರೆ ಯಾವ ಉಪಕರಣವನ್ನೂ ಜೋಡಿಸಿಲ್ಲ. ತಿರುಗುವ ಕ್ರ್ಯಾಂಕು ಒಂದು, ಅದರಿಂದ ಹಲಗೆಯವರೆಗಿನ ತೋಳು ಒಂದು, ಕೆಳಗೆ ಕೀಲಿನ ಮೇಲೆ ನಿಂತು ಹಲಗೆಯನ್ನು ಹೊತ್ತಿರುವ ಕಾಲು ಒಂದು, ಇವೆಲ್ಲವನ್ನೂ ಹಿಡಿದಿರುವ ಮಗ್ಗದ ಚೌಕಟ್ಟು ಒಂದು: ಹೀಗೆ ನಾಲ್ಕು ದಂಡಗಳು, ಅವುಗಳ ನಡುವೆ ನಾಲ್ಕು ಕೀಲುಗಳು. ತೋಳಿನ ಉದ್ದವನ್ನು ಕ್ರ್ಯಾಂಕಿಗೆ ಹೋಲಿಸಿ ಎಷ್ಟು ಗಿಡ್ಡ ಮಾಡುತ್ತೇವೆಯೋ ಅಷ್ಟು ಹೆಚ್ಚು ಹೊತ್ತು ಹಲಗೆ ಹಿಂದೆ ತಡೆಯುತ್ತದೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿ ಇದನ್ನು ಫೋರ್ ಬಾರ್ ಮೆಕ್ಯಾನಿಸಂ ಎಂಬ ಹೆಸರಿನಲ್ಲಿ ಕಪ್ಪುಹಲಗೆಯ ಮೇಲೆ ಕಾಣುತ್ತಾನೆ. ನೇಕಾರರ ಮನೆಯ ಹುಡುಗನಾದರೆ ಹೆಸರು ತಿಳಿಯುವ ಮೊದಲೇ ಅದರ ಸದ್ದು ಕೇಳುತ್ತ ಬೆಳೆದಿರುತ್ತಾನೆ.

ಅದೇ ಹುಡುಗ ಮಗ್ಗದ ಮುಂದೆ ಕುಕ್ಕರಗಾಲಿನಲ್ಲಿ ಕೂತಾಗ ಅವನ ಮೊಣಕಾಲಿನೊಳಗೂ ಬಹುಮಟ್ಟಿಗೆ ಇದೇ ಏರ್ಪಾಡು ಕೆಲಸ ಮಾಡುತ್ತಿರುತ್ತದೆ. ಮೊಣಕಾಲು ಬಾಗಿಲಿನ ಕೀಲಿನಂತೆ ಒಂದೇ ಬಿಂದುವಿನ ಸುತ್ತ ತಿರುಗುವುದಿಲ್ಲ. ತೊಡೆಯ ಮೂಳೆಗೂ ಮುಂಗಾಲಿನ ಮೂಳೆಗೂ ನಡುವೆ ಎರಡು ಗಟ್ಟಿಯಾದ ಅಸ್ಥಿರಜ್ಜುಗಳು ಕತ್ತರಿಯ ಅಲಗುಗಳಂತೆ ಒಂದನ್ನೊಂದು ಹಾಯ್ದು ನಿಂತಿವೆ. ಎರಡು ಮೂಳೆ, ಎರಡು ರಜ್ಜು: ಇಲ್ಲಿಯೂ ನಾಲ್ಕು ದಂಡಗಳೇ. ಕಾಲು ಮಡಿಸುತ್ತ ಹೋದಂತೆ ತಿರುಗುವ ಕೇಂದ್ರವೇ ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ರಜ್ಜುಗಳು ದಂಡಗಳಂತೆ ಬಿಗಿಯಾದವಲ್ಲ, ಮೊಣಕಾಲು ಅಡ್ಡಡ್ಡಲಾಗಿಯೂ ಅಷ್ಟಿಷ್ಟು ತಿರುಚಿಕೊಳ್ಳುತ್ತದೆ ಎಂಬುದು ನಿಜ. ಆದರೂ ಮೊದಲ ತಿಳಿವಳಿಕೆಗೆ ಈ ಚಿತ್ರ ಸಾಕು.

ಯಂತ್ರಶಾಸ್ತ್ರವನ್ನು ಹೀಗೆ ದೇಹದ ಕಡೆಗೆ ತಿರುಗಿಸಿ ಕಲಿಯುವ ವಿದ್ಯೆಗೆ ಬಯೋಮೆಕ್ಯಾನಿಕ್ಸ್ ಎಂದು ಹೆಸರು. ಹೊಸ ಹೆಸರಾದರೂ ವಿದ್ಯೆ ಹೊಸದಲ್ಲ. ಇಟಲಿಯ ಬೊರೆಲ್ಲಿ ಎಂಬ ಗಣಿತಜ್ಞರು ಪ್ರಾಣಿಗಳ ಚಲನೆಯನ್ನು ಕುರಿತು ಬರೆದ ದೊಡ್ಡ ಗ್ರಂಥ ಅವರು ತೀರಿಕೊಂಡ ಮೇಲೆ 1680–81ರಲ್ಲಿ ಅಚ್ಚಾಯಿತು. ನಾವು ಎತ್ತುವ ಭಾರಕ್ಕಿಂತ ನಮ್ಮ ಸ್ನಾಯುಗಳು ಎಳೆಯುವ ಬಲ ಎಷ್ಟೋ ಪಾಲು ಹೆಚ್ಚು ಎಂದು ಸನ್ನೆಯ ಲೆಕ್ಕದಿಂದ ತೋರಿಸಿಕೊಟ್ಟವರು ಅವರು. ಏತದ ಮರದಲ್ಲಿ ಉದ್ದನೆಯ ತೋಳು ನಮ್ಮ ಪಕ್ಷದಲ್ಲಿರುವಂತೆ ನೋಡಿಕೊಳ್ಳುತ್ತೇವೆ. ದೇಹದಲ್ಲಿ ಗಿಡ್ಡ ತೋಳು ಸ್ನಾಯುವಿನ ಪಾಲಿಗೆ ಬಂದಿದೆ.

ಒಂದು ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು. ಅರವತ್ತು ಕಿಲೋ ತೂಕದ ಮನುಷ್ಯನೊಬ್ಬ ನಡೆಯುವಾಗ ಒಂದು ಕಾಲ ಮೇಲೆ ನಿಂತ ಕ್ಷಣವನ್ನು ತೆಗೆದುಕೊಳ್ಳೋಣ. ಊರಿದ ಕಾಲಿನ ತೂಕ ಹತ್ತು ಕಿಲೋ ಎಂದು ಕಳೆದರೆ, ಮಿಕ್ಕ ಐವತ್ತು ಕಿಲೋ ಆ ಸೊಂಟದ ಕೀಲಿನ ಮೇಲೆ ತಕ್ಕಡಿಯಂತೆ ನಿಲ್ಲಬೇಕು. ದೇಹದ ಭಾರ ಕೀಲಿನಿಂದ ಒಳಕ್ಕೆ ಹನ್ನೆರಡೂವರೆ ಸೆಂಟಿಮೀಟರು ದೂರದಲ್ಲಿದೆ ಎನ್ನೋಣ. ಅದನ್ನು ಸರಿತೂಗುವ ಸ್ನಾಯು ಹೊರಗಡೆ ಬರಿಯ ಐದು ಸೆಂಟಿಮೀಟರಿನಲ್ಲಿದೆ. ಆದ್ದರಿಂದ ಸ್ನಾಯು 125 ಕಿಲೋದಷ್ಟು ಎಳೆಯಬೇಕು. ತಕ್ಕಡಿಯ ಎರಡು ತಟ್ಟೆಗಳ ಭಾರವೂ ಅದರ ಮುಳ್ಳಿನ ಮೇಲೆಯೇ ಬೀಳುವಂತೆ, ಕೀಲಿನ ಮೇಲೆ 175 ಕಿಲೋ ಬೀಳುತ್ತದೆ: ತನ್ನ ತೂಕದ ಸುಮಾರು ಮೂರರಷ್ಟು! ಇಷ್ಟು ಭಾರವನ್ನು ಹೆಜ್ಜೆ ಹೆಜ್ಜೆಗೂ ಹೊತ್ತು ಆ ಪುಟ್ಟ ಗುಂಡು ಅರವತ್ತು ಎಪ್ಪತ್ತು ವರ್ಷ ಬಾಳುತ್ತದೆಯೆಂಬುದೇ ಸೋಜಿಗ.

ಸೊಂಟ ನೋಯುವ ಮುದುಕರು ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ಬಹು ಜನ ನೋವಿರುವ ಕಡೆಯ ಕೈಯಲ್ಲೇ ಹಿಡಿಯುತ್ತಾರೆ. ಅದು ತಪ್ಪು. ಎದುರು ಕೈಯಲ್ಲಿ, ಕೀಲಿನಿಂದ ನಲವತ್ತು ಸೆಂಟಿಮೀಟರು ಆಚೆ, ಬರಿಯ ಎಂಟು ಕಿಲೋ ಭಾರವನ್ನು ಕೋಲಿನ ಮೇಲೆ ಹಾಕಿದರೆ ಸ್ನಾಯುವಿನ ಎಳೆತ 125ರಿಂದ 61 ಕಿಲೋಗೆ ಇಳಿಯುತ್ತದೆ. ಕೀಲಿನ ಹೊರೆ 175ರಿಂದ 103ಕ್ಕೆ ಬರುತ್ತದೆ. ಕೋಲು ಅದೇ, ಮುದುಕ ಅವನೇ. ಬದಲಾದದ್ದು ಕೈ ಮಾತ್ರ. ಮೊದಲ ವರ್ಷದ ಇಂಜಿನಿಯರಿಂಗ್ ತರಗತಿಯಲ್ಲಿ ಕಲಿಸುವ ಸನ್ನೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗಂತೂ ತಿಳಿಯದು. ಆದರೆ ಅಲ್ಲಿ ಕಲಿಸುವುದು ಗೋಡೆಗೆ ಒರಗಿದ ಏಣಿಯನ್ನು.

ಮಗ್ಗಕ್ಕೂ ಕೀಲಿಗೂ ಇರುವ ನಂಟು ದಂಡಗಳ ಲೆಕ್ಕದಲ್ಲಷ್ಟೇ ಮುಗಿಯುವುದಿಲ್ಲ. ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತ ಹತ್ತಿಬಟ್ಟೆಯ ಗಿರಣಿಗಳಿಗೆ ಹೆಸರಾದದ್ದು. ಅಲ್ಲಿಯ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು ಸವೆದುಹೋದ ಸೊಂಟದ ಕೀಲಿಗೆ ಬದಲಾಗಿ ಕೃತಕ ಕೀಲನ್ನು ಕೂಡಿಸುವ ಪ್ರಯತ್ನದಲ್ಲಿದ್ದರು. ಉಕ್ಕಿನ ಗುಂಡು, ಅದು ಆಡಲು ಟೆಫ್ಲಾನಿನ ಬಟ್ಟಲು. ಟೆಫ್ಲಾನಿನಷ್ಟು ನುಣುಪಾದ ವಸ್ತು ಇನ್ನೊಂದಿರಲಿಲ್ಲ. ಸುಮಾರು ಮುನ್ನೂರು ರೋಗಿಗಳು ನೋವಿಲ್ಲದೆ ನಡೆದುಹೋದರು. ಎರಡು ಮೂರು ವರ್ಷಗಳಲ್ಲಿ ಮರಳಿ ಬಂದರು. ಬಟ್ಟಲು ಸವೆದು ಪುಡಿಯಾಗಿ, ಆ ಪುಡಿ ಸುತ್ತಲಿನ ಮಾಂಸವನ್ನು ಕೆರಳಿಸಿತ್ತು. ನುಣುಪು ಬೇರೆ, ತಾಳಿಕೆ ಬೇರೆ ಎಂಬ ಪಾಠಕ್ಕೆ ಮುನ್ನೂರು ಜನ ಬೆಲೆ ತೆತ್ತರು. ಚಾರ್ನ್ಲಿಯವರು ಆ ಪುಡಿಯನ್ನು ತಮ್ಮ ತೊಡೆಗೇ ಚುಚ್ಚಿಕೊಂಡು ಪರೀಕ್ಷಿಸಿದರೆಂಬುದು ಅವರ ಮನಃಸ್ಥಿತಿಯನ್ನು ತಿಳಿಸುತ್ತದೆ.

1962ರ ಮೇ ತಿಂಗಳಲ್ಲಿ ಒಬ್ಬ ಮಾರಾಟಗಾರ ಆಸ್ಪತ್ರೆಯ ಕಾರ್ಯಾಗಾರಕ್ಕೆ ಬಂದ. ಅವನ ಕೈಯಲ್ಲಿದ್ದದ್ದು ಲ್ಯಾಂಕಷೈರಿನ ಮಗ್ಗಗಳ ಬಿಡಿಭಾಗಗಳಿಗೆ ಬಳಸುತ್ತಿದ್ದ ಒಂದು ಹೊಸ ಪ್ಲಾಸ್ಟಿಕ್ಕು, ಬಹು ದೊಡ್ಡ ಅಣುಗಳ ಪಾಲಿಎಥಿಲೀನ್. ಕಾರ್ಯಾಗಾರದಲ್ಲಿದ್ದ ಹ್ಯಾರಿ ಕ್ರೇವನ್ ಎಂಬ ಯಂತ್ರಕರ್ಮಿ ಅದನ್ನು ಚಾರ್ನ್ಲಿಯವರಿಗೆ ತೋರಿಸಿದ. ಅವರು ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ, ಇದರಲ್ಲಿ ಹೊತ್ತು ಕಳೆಯುವುದು ವ್ಯರ್ಥವೆಂದು ಹೊರಟುಹೋದರು. ಕ್ರೇವನ್ ಮಾತ್ರ ಬಿಡಲಿಲ್ಲ. ಅವರು ಪರಸ್ಥಳಕ್ಕೆ ಹೋಗಿದ್ದ ಸಮಯದಲ್ಲಿ ಅದನ್ನು ಸವೆತದ ಯಂತ್ರಕ್ಕೆ ಹಾಕಿದ. ಹಗಲೂ ಇರುಳೂ ಮೂರು ವಾರ ಉಜ್ಜಿದರೂ ಅದು, ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟೂ ಸವೆದಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಆ ಪ್ಲಾಸ್ಟಿಕ್ಕಿನ ಬಟ್ಟಲು ಮೊದಲ ರೋಗಿಯ ಸೊಂಟವನ್ನು ಸೇರಿತು. ಇಂದಿಗೂ ಜಗತ್ತಿನ ಕೃತಕ ಸೊಂಟ, ಕೃತಕ ಮೊಣಕಾಲುಗಳ ಬಹುಪಾಲಿನಲ್ಲಿ ಇರುವುದು ಅದರದೇ ಸುಧಾರಿತ ಸಂತತಿ.

ಲಾಳಿಯನ್ನು ಹೊಡೆದು ಓಡಿಸುವ ಪಿಕ್ಕರು ಎಂಬ ತುಂಡನ್ನು ನೇಕಾರರೆಲ್ಲ ಬಲ್ಲರು. ಹಿಂದೆ ಅದನ್ನು ಎಮ್ಮೆಯ ತೊಗಲಿನಿಂದ ಮಾಡುತ್ತಿದ್ದರು. ಆಮೇಲೆ ಈ ಜಾತಿಯ ಪ್ಲಾಸ್ಟಿಕ್ಕು ಬಂತು. ಮಗ್ಗದ ಅಂಗಡಿಯಲ್ಲಿ ಸಿಗುವ ಬಿಳಿಯ ತುಂಡಿಗೂ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಮೇಜಿಗೆ ಬರುವ ಬಿಳಿಯ ಬಟ್ಟಲಿಗೂ ಶುದ್ಧಿಯಲ್ಲಿ, ಬೆಲೆಯಲ್ಲಿ ಅಜಗಜಾಂತರವಿದ್ದರೂ ಕುಲ ಒಂದೇ.

ಚಾರ್ನ್ಲಿಯವರ ಕೀಲು ಕುರ್ಚಿಯಲ್ಲಿ ಕೂರುವ ಜನಕ್ಕಾಗಿ ಹುಟ್ಟಿದ್ದು. ನಮ್ಮ ಕಷ್ಟ ಇಲ್ಲಿ ಆರಂಭವಾಗುತ್ತದೆ. ಸಮನಾದ ನೆಲದಲ್ಲಿ ನಡೆಯಲು ಮೊಣಕಾಲು ಎಪ್ಪತ್ತು ಡಿಗ್ರಿ ಮಡಿಸಿದರೆ ಸಾಕು. ಕುರ್ಚಿಯಿಂದ ಏಳಲು ನೂರರ ಆಸುಪಾಸು. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲು, ರಾಗಿಯ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕಳೆ ಕೀಳಲು, ನೆಲಗಕ್ಕಸಿಗೆ ಹೋಗಲು ನೂರಮೂವತ್ತು, ನೂರೈವತ್ತು ಡಿಗ್ರಿಗಳು ಬೇಕು. ಆದ್ದರಿಂದಲೇ ಕೃತಕ ಮೊಣಕಾಲು ಹಾಕಿಸಿಕೊಂಡವರಿಗೆ ವೈದ್ಯರು ನೆಲದ ಮೇಲೆ ಕೂರಬೇಡಿ ಎಂದು ಸಾಮಾನ್ಯವಾಗಿ ಹೇಳಿ ಕಳುಹಿಸುತ್ತಾರೆ. ಬೆಂಗಳೂರಿನ ಬಹುಮಹಡಿಯ ಮನೆಯವರಿಗೆ ಇದು ಒಂದು ಸಲಹೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆಯ ಕೆಲಸ ಮಾಡುವವಳಿಗೆ, ಗುಂಡಿಮಗ್ಗದ ಅಂಚಿನಿಂದ ದಿನಕ್ಕೆ ಹತ್ತು ಸಲ ಇಳಿದು ಏರುವವನಿಗೆ ಅದು ಕಸುಬು ಬಿಡು ಎಂದ ಹಾಗೆ. 2017ರಲ್ಲಿ ಕೇಂದ್ರ ಸರ್ಕಾರ ಮೊಣಕಾಲಿನ ಕೃತಕ ಕೀಲಿಗೆ ಗರಿಷ್ಠ ಬೆಲೆಯನ್ನು ಕಟ್ಟಿದ್ದು ಒಳ್ಳೆಯದೇ ಆಯಿತು. ಆದರೆ ಅಗ್ಗವಾದ ಮಾತ್ರಕ್ಕೆ ಕೀಲು ಹೆಚ್ಚು ಮಡಿಸಲಾರದು.

ಕಾಲು ಕಳೆದುಕೊಂಡವರ ವಿಷಯದಲ್ಲಿ ನಮ್ಮವರು ಇದನ್ನು ಮೊದಲೇ ಮನಗಂಡರು. ಪಶ್ಚಿಮದಿಂದ ಬಂದ ಕೃತಕ ಪಾದ ಬೂಟಿನೊಳಗೆ ಇರುವುದಕ್ಕಾಗಿ ಮಾಡಿದ್ದು. ಹಿಮ್ಮಡಿಯ ಮೇಲಿನ ಗಿಣ್ಣು ಬಾಗದು. ಅದನ್ನು ತೊಟ್ಟು ಕುಕ್ಕರಗಾಲಿನಲ್ಲಿ ಕೂರಲಾಗದು, ಗದ್ದೆಯ ಕೆಸರಿನಲ್ಲಿ ಇಳಿಯಲಾಗದು. 1968ರಲ್ಲಿ ಜಯಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಶಸ್ತ್ರವೈದ್ಯ ಪಿ. ಕೆ. ಸೇಥಿ ಇವರು ರಬ್ಬರಿನಿಂದ ಮಾಡಿದ ಜಯಪುರದ ಪಾದ ಬರಿಗಾಲಿನಲ್ಲಿ ನಡೆಯುವ ದೇಶಕ್ಕೆ ಒಪ್ಪುವಂಥದಾಯಿತು. ಪಾದದ ಪ್ರಶ್ನೆ ಬಗೆಹರಿದರೂ ಮೊಣಕಾಲಿನದು ಉಳಿಯಿತು. ತೊಡೆಯ ಮಟ್ಟದಲ್ಲಿ ಕಾಲು ಕಳೆದುಕೊಂಡವನಿಗೆ ಒಂದೇ ಕೀಲಿನ ಮೊಣಕಾಲು ಕೊಟ್ಟರೆ, ಒಮ್ಮೆ ಎಡವಿದಾಗ ಅದು ಮಡಿಸಿಕೊಂಡು ಅವನನ್ನು ನೆಲಕ್ಕೆ ಕೆಡಹುತ್ತದೆ.

2022ರಲ್ಲಿ ಹೊರಬಂದ ಕದಂ ಎಂಬ ಮೊಣಕಾಲು ಈ ದಾರಿಯಲ್ಲಿ ನಮ್ಮ ಹತ್ತಿರದ ಸಂಗತಿ. ಮದರಾಸಿನ ಐ.ಐ.ಟಿ.ಯ ಪುನರ್ವಸತಿ ಸಂಶೋಧನಾ ಕೇಂದ್ರದವರು ಅದನ್ನು ರೂಪಿಸಿದರು. ರಕ್ಷಣಾ ಸಂಶೋಧನೆಗೆ ಸೇರಿದ, ಬೆಂಗಳೂರಿನಲ್ಲಿರುವ ಸೊಸೈಟಿ ಫಾರ್ ಬಯೋಮೆಡಿಕಲ್ ಟೆಕ್ನಾಲಜಿ ಅದರ ಜೊತೆಗೂಡಿತು. ಅದನ್ನು ತಯಾರಿಸುವ ಹೊಣೆ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯ ಪಾಲಿಗೆ ಬಂತು. ಅದರ ಒಳಗಿರುವುದು ಏನು? ನಾಲ್ಕು ದಂಡಗಳು, ನಾಲ್ಕು ಕೀಲುಗಳು! ಕಾಲು ನೆಟ್ಟಗಿರುವಾಗ ತಿರುಗುವ ಕೇಂದ್ರ ಮೇಲೆ, ಹಿಂದೆ ಇರುತ್ತದೆ. ಆದ್ದರಿಂದ ಭಾರ ಬಿದ್ದಷ್ಟೂ ಮೊಣಕಾಲು ಗಟ್ಟಿಯಾಗಿ ನಿಲ್ಲುತ್ತದೆ. ಮಡಿಸತೊಡಗಿದಾಗ ಕೇಂದ್ರ ಸರಿದು, ಕಾಲು ಸಲೀಸಾಗಿ ಮಡಿಸಿಕೊಳ್ಳುತ್ತದೆ. ನೂರರುವತ್ತು ಡಿಗ್ರಿಯವರೆಗೆ ಮಡಿಸಬಹುದಾದ್ದರಿಂದ ಬಸ್ಸಿನ ಇಕ್ಕಟ್ಟಿನ ಸೀಟಿನಲ್ಲೂ ಆಟೋರಿಕ್ಷಾದಲ್ಲೂ ಕೂರಲು ಅನುಕೂಲ. ಮೂವತ್ತು ಲಕ್ಷ ಸಲ ಭಾರ ಹೇರಿ ಇಳಿಸಿ ಅದನ್ನು ಪರೀಕ್ಷಿಸಿದ್ದಾರೆ. ಮಗ್ಗದ ಹಲಗೆ ಹಿಂದೆ ತಡೆದು ನಿಲ್ಲುವಂತೆ ದಂಡಗಳ ಉದ್ದವನ್ನು ಗೊತ್ತುಮಾಡಿದ ಬುದ್ಧಿಯೂ, ಕಾಲು ನೆಟ್ಟಗೆ ನಿಂತಾಗ ಕುಸಿಯದಂತೆ ಉದ್ದವನ್ನು ಗೊತ್ತುಮಾಡಿದ ಬುದ್ಧಿಯೂ ಒಂದೇ ಪಾಠದಿಂದ ಬಂದವು.

ಆ ಪಾಠ ನಮ್ಮ ಜಿಲ್ಲೆಯಲ್ಲಿ ನಡೆಯುತ್ತಿಲ್ಲವೆ? ನಡೆಯುತ್ತಿದೆ. ದೊಡ್ಡಬಳ್ಳಾಪುರದಲ್ಲಿ ಆರ್. ಎಲ್. ಜಾಲಪ್ಪ ತಾಂತ್ರಿಕ ವಿದ್ಯಾಲಯವಿದೆ. ಅದೇ ತಾಲ್ಲೂಕಿನ ನಾಗದೇನಹಳ್ಳಿಯಲ್ಲಿ ಗೀತಂ ವಿಶ್ವವಿದ್ಯಾಲಯದ ಬೆಂಗಳೂರು ಆವರಣವಿದೆ. ದೇವನಹಳ್ಳಿಯಲ್ಲಿ ನಾಗಾರ್ಜುನ ಕಾಲೇಜಿದೆ. ವೈದ್ಯವಿದ್ಯೆಗೆ ಹೊಸಕೋಟೆಯಲ್ಲಿ ಎಂ. ವಿ. ಜೆ. ಕಾಲೇಜು, ದೇವನಹಳ್ಳಿಯಲ್ಲಿ ಆಕಾಶ್ ಕಾಲೇಜು. ಮೂಳೆಯನ್ನು ನೋಡುವವರೂ ಇದ್ದಾರೆ, ದಂಡವನ್ನು ಲೆಕ್ಕ ಹಾಕುವವರೂ ಇದ್ದಾರೆ. ನಡುವಿನ ದಾರಿ ಒಂದು ಗಂಟೆಯದು. ಆ ದಾರಿಯಲ್ಲಿ ವಿದ್ಯಾರ್ಥಿಗಳ ಓಡಾಟ ಇನ್ನಷ್ಟು ಇದ್ದರೆ ಚೆನ್ನಾಗಿತ್ತು ಎನ್ನುವುದಷ್ಟೇ ನಮ್ಮ ಮಾತು.

1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2021ರ ಪಠ್ಯಕ್ರಮದಲ್ಲಿ ನಾಲ್ಕನೆಯ ಸೆಮಿಸ್ಟರಿಗೆ ಬಯಾಲಜಿ ಫಾರ್ ಇಂಜಿನಿಯರ್ಸ್ ಎಂಬ ಪಾಠವನ್ನು ಸೇರಿಸಿತು. ಸ್ವಾಗತಾರ್ಹವೇ. ಕಣ್ಣು ಕ್ಯಾಮರಾ, ಹೃದಯ ಪಂಪು, ಮೂತ್ರಪಿಂಡ ಸೋಸುಕ, ಮೆದುಳು ಕಂಪ್ಯೂಟರು ಎಂಬ ಹೋಲಿಕೆಗಳು ಅದರಲ್ಲಿವೆ. ಹೋಲಿಕೆಗಳು ಬಾಗಿಲು ತೆರೆಯುತ್ತವೆ. ಆದರೆ ಅಲ್ಲೇ ನಿಂತರೆ ಅಡ್ಡವೂ ಆಗುತ್ತವೆ. ಮಗ್ಗದ ಪಿಕ್ಕರು ಬಳಸಿದಷ್ಟೂ ಸವೆಯುತ್ತದೆ. ಮೂಳೆ ಹದವಾಗಿ ಬಳಸಿದಷ್ಟೂ ಬಲಿಯುತ್ತದೆ, ಬಳಸದಿದ್ದರೆ ಸೊರಗುತ್ತದೆ. ಯಾವ ಪಂಪು ತಾನೇ ಹಾಗೆ ಮಾಡೀತು? 1867ರಲ್ಲಿ ಮೈಯರ್ ಎಂಬ ಅಂಗರಚನಾ ಪಂಡಿತರು ಜ್ಯೂರಿಕ್ಕಿನಲ್ಲಿ ತೊಡೆಮೂಳೆಯ ತಲೆಯನ್ನು ಸೀಳಿದಾಗ ಕಂಡ ಎಳೆಗಳ ಚಿತ್ರವನ್ನು ಪ್ರಕಟಿಸಿದರು. ಅಲ್ಲಿಯೇ ಪಾಠ ಹೇಳುತ್ತಿದ್ದ ಇಂಜಿನಿಯರ್ ಕುಲ್ಮನ್ ಅವರಿಗೆ ಅದು ಭಾರ ಎತ್ತುವ ಕ್ರೇನಿನ ಬಾಗಿದ ತೋಳಿನಲ್ಲಿ ಒತ್ತಡ ಹರಿಯುವ ಗೆರೆಗಳಂತೆಯೇ ಕಂಡಿತ್ತು. ಜರ್ಮನಿಯ ವೂಲ್ಫ್ 1892ರಲ್ಲಿ ಅದರಿಂದ ನಿಯಮವನ್ನೇ ಕಟ್ಟಿದರು: ಹೊರೆ ಬದಲಾದಂತೆ ಮೂಳೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಉಕ್ಕು ಮೂಳೆಗಿಂತ ಸುಮಾರು ಹತ್ತು ಪಾಲು ಪೆಡಸು. ಆದ್ದರಿಂದ ತೊಡೆಮೂಳೆಯೊಳಗೆ ಉಕ್ಕಿನ ಕಂಬಿಯನ್ನು ಹೊಗಿಸಿದರೆ ಹೊರೆಯೆಲ್ಲ ಕಂಬಿಗೇ ಹೋಗಿ, ಸುತ್ತಲಿನ ಮೂಳೆ ಕೆಲಸವಿಲ್ಲದೆ ತೆಳುವಾಗುತ್ತದೆ. ಗಟ್ಟಿಯಾದಷ್ಟೂ ಒಳ್ಳೆಯದೆಂದು ಸೇತುವೆಯ ಲೆಕ್ಕದಲ್ಲಿ ಕಲಿತವನು ಇಲ್ಲಿ ಕಲಿತದ್ದನ್ನು ಮರಳಿ ತೂಗಿ ನೋಡಬೇಕಾಗುತ್ತದೆ.

ಈ ಕಡೆ ಒಲವುಳ್ಳ ವಿದ್ಯಾರ್ಥಿಗೆ ದಾರಿಗಳು ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಜೀವವ್ಯವಸ್ಥೆಗಳ ವಿಜ್ಞಾನ ಮತ್ತು ಇಂಜಿನಿಯರಿಂಗಿಗೆಂದೇ ಒಂದು ಕೇಂದ್ರ ಆರಂಭವಾಯಿತು. ಅಲ್ಲಿಯ ಮೆಕ್ಯಾನಿಕಲ್ ವಿಭಾಗದಲ್ಲಿಯೂ ದೇಹದ ಯಂತ್ರಶಾಸ್ತ್ರದ ಸಂಶೋಧನೆ ನಡೆಯುತ್ತದೆ. ಕೃತಕ ಕೈಕಾಲುಗಳನ್ನು ಅಳತೆಗೆ ಹೊಂದಿಸುವ ವಿದ್ಯೆಗೆ ಮೊಬಿಲಿಟಿ ಇಂಡಿಯಾದಲ್ಲಿ ಪದವಿ ತರಗತಿಗಳಿವೆ. ಆದರೆ ತಂದೆತಾಯಿಗಳು ಕೇಳುವ ಪ್ರಶ್ನೆ ಬೇರೆ: ಕೆಲಸ ಸಿಗುತ್ತದೆಯೆ? ಕಂಪ್ಯೂಟರಿನ ಕಡೆಗೆ ಎಲ್ಲರೂ ನುಗ್ಗುತ್ತಿರುವ ಈ ಕಾಲದಲ್ಲಿ ಮೆಕ್ಯಾನಿಕಲ್ ಶಾಖೆಯ ಸೀಟುಗಳೇ ಅನೇಕ ಕಡೆ ಭರ್ತಿಯಾಗುತ್ತಿಲ್ಲ. ಅದರೊಳಗೂ ಈ ಕವಲನ್ನು ಹಿಡಿ ಎಂದರೆ ಅವರು ಹಿಂಜರಿಯುವುದು ಸಹಜ. ಸಾಫ್ಟ್‌ವೇರಿನಷ್ಟು ಕೆಲಸಗಳು ಇಲ್ಲಿ ಇಲ್ಲ ಎಂಬುದನ್ನು ಮುಚ್ಚಿಡಬೇಕಾದ್ದೂ ಇಲ್ಲ. ಹೇಳಬಹುದಾದದ್ದು ಇಷ್ಟು: ಈ ಕವಲಿಗೆ ಬೇಕಾದ ಸನ್ನೆಯ ಲೆಕ್ಕ, ವಸ್ತುಗಳ ಬಲ, ಯಂತ್ರಗಳ ಚಲನೆ, ಸವೆತ ಇವೆಲ್ಲ ಕಾರ್ಖಾನೆಗೂ ಬೇಕಾದವೇ. ನಾಳೆ ಅವನು ದಾಬಸ್‌ಪೇಟೆಯ ಕಾರ್ಖಾನೆಯೊಂದಕ್ಕೆ ಹೋಗಿ ಸೇರಿದರೂ ಕಲಿತದ್ದು ವ್ಯರ್ಥವಾಗದು.

ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಒಂದು ಪ್ರಾಜೆಕ್ಟನ್ನು ಮಾಡಬೇಕೆಂಬ ನಿಯಮವುಂಟು. ಬೆಂಗಳೂರಿನ ಕೆಲವು ಬೀದಿಗಳಲ್ಲಿ ಹಣ ತೆತ್ತರೆ ವರದಿಸಹಿತ ಸಿದ್ಧ ಪ್ರಾಜೆಕ್ಟು ದೊರೆಯುತ್ತದೆಂಬುದು ಎಲ್ಲರೂ ಬಲ್ಲ ಗುಟ್ಟು. ಕೊಂಡು ತರುವ ಮೊದಲು ದೊಡ್ಡಬಳ್ಳಾಪುರದ ಹುಡುಗ ತನ್ನ ಮನೆಯ ನಡುಮನೆಯನ್ನು ಒಮ್ಮೆ ನೋಡಬಹುದು. ಅಲ್ಲಿ ತಾಯಿಯೋ ಅತ್ತೆಯೋ ನೆಲದ ಮೇಲೆ ಒಂದು ಕಾಲು ಮಡಿಸಿ, ಇನ್ನೊಂದು ನೀಡಿ, ದಿನಕ್ಕೆ ಆರು ಗಂಟೆ ಕಂಡಿಕೆ ಸುತ್ತುತ್ತಾಳೆ. ಸಂಜೆ ಏಳುವಾಗ ಗೋಡೆ ಹಿಡಿದು ಏಳುತ್ತಾಳೆ. ಆಕೆ ಕೂತ ಮಣೆಯ ಎತ್ತರ ಎಷ್ಟು? ಮೊಣಕಾಲು ಎಷ್ಟು ಡಿಗ್ರಿ ಮಡಿಸಿದೆ? ರಾಟೆಯ ಹಿಡಿ ಭುಜದಿಂದ ಎಷ್ಟು ದೂರ? ಬೆನ್ನು ಎಷ್ಟು ಬಾಗಿದೆ? ಮಣೆಯನ್ನು ನಾಲ್ಕು ಬೆರಳು ಎತ್ತರಿಸಿದರೆ ಮೊಣಕಾಲಿಗೆ ಹಿತವಾದೀತು. ಆದರೆ ರಾಟೆ ಕೆಳಗಾಗಿ ಬೆನ್ನಿಗೆ ಕಷ್ಟವಾಗದೆ? ಒಂದು ಅಳತೆಪಟ್ಟಿ, ಒಂದು ಕೋನಮಾಪಕ, ಒಂದು ದೂರವಾಣಿಯ ಕ್ಯಾಮರಾ ಇದ್ದರೆ ಸಾಕು. ಅಳೆಯುವುದನ್ನು ಮಾತ್ರ ಕೆಲಸದ ಹೊತ್ತಿನಲ್ಲಿಯೇ ಅಳೆಯಬೇಕು. ವಿದ್ಯುಚ್ಛಕ್ತಿ ಹೋಗಿ ಮಗ್ಗ ನಿಂತಾಗ ಆಕೆ ಕೂರುವ ರೀತಿಯೇ ಬೇರೆ.